ಹೆಸರು ಹೇಳದ ವ್ಯಾಪಾರಿ

ಇಪ್ಪತ್ತಾರು ವರ್ಷ ಲೆಕ್ಕ ಬರೆದದ್ದಕ್ಕೆ ಲೈಲ್ ನೊವೊಟ್ನಿಗೆ ಸಿಕ್ಕಿದ್ದು ಒಂದು ಬಾಟಲಿ ಜೇನು ಮತ್ತು ಒಂದು ಕಾರ್ಡು. ಕಾರ್ಡಿನ ಮೇಲೆ ನೀಲಿ ಹೂವು, ಒಳಗೆ ಒಡತಿ ಆರ್ಡಿಸ್ ಟೆಸಾರಳ ಗುಂಡುಗುಂಡಾದ ಕೈಬರಹ: ‘ನೀನಿಲ್ಲದಿದ್ದರೆ ನಾವೇನಾಗುತ್ತಿದ್ದೆವೋ ಲೈಲ್!’ ಅದೇ ದಿನ, ಅದೇ ಮೇಜಿನ ಮುಂದೆ ನಿಂತು ಆಕೆ ತನ್ನ ತಂಗಿಯ ಮಗ ಟ್ರೆಂಟ್‌ನನ್ನು ಕಂಪನಿಯ ಮ್ಯಾನೇಜರ್ ಎಂದು ಸಾರಿದಳು. ಜೊತೆಗೆ ನೂರಕ್ಕೆ ಹತ್ತು ಪಾಲು. ಮೂವತ್ತನಾಲ್ಕರ ಟ್ರೆಂಟ್‌ಗೆ ಜೇನುಪೆಟ್ಟಿಗೆಯ ತಲೆ ಯಾವುದು ತಳ ಯಾವುದು ಎಂದು ಗೊತ್ತಾಗಿ ಇನ್ನೂ ಒಂದು ವರ್ಷ ತುಂಬಿರಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ಲೈಲ್ ಕೂಡ ತಟ್ಟಿದ, ಉಳಿದವರಿಗಿಂತ ಒಂದೆರಡು ಹೆಚ್ಚೇ.

ಹತ್ತು ಹಾಗಿರಲಿ, ಐದು ಪಾಲು ಅವನದಾಗಬೇಕಿತ್ತು. ಆರ್ಡಿಸಳ ಗಂಡ ಮರ್ಲ್ ಬದುಕಿದ್ದಾಗ ಒಂದು ದಿನ ಪೈನ್ ಹಲಗೆ ಒಣಹಾಕುವ ಶೆಡ್ಡಿನಲ್ಲಿ ಅವನ ಕೈ ಹಿಡಿದು, “ನೂರಕ್ಕೆ ಐದು ನಿಂದು ಕಣೋ ಲೈಲ್. ಈ ಸುಗ್ಗಿ ಕಳೀಲಿ, ಕಾಗದ ಮಾಡಿಸ್ಬಿಡಣ” ಅಂದಿದ್ದ. ಅಯೋವಾದ ಕೋಲ್ಬಿ ಮಿಲ್ಸ್‌ನಂಥ ಊರಿನಲ್ಲಿ ಕೈ ಕುಲುಕಿದರೆ ಅದು ಕಾಗದಕ್ಕಿಂತ ಗಟ್ಟಿ ಎನ್ನುತ್ತಾರೆ. ಕುಲುಕಿದವನು ಬದುಕಿರುವ ತನಕ ಅದು ನಿಜವೇ. ಮರ್ಲ್ ಸುಗ್ಗಿಗೆ ಮುಂಚೆಯೇ ಎದೆ ಹಿಡಿದುಕೊಂಡು ಕುಸಿದ. ತಿಂಗಳು ಬಿಟ್ಟು ಲೈಲ್ ಮಾತು ತೆಗೆದಾಗ ವಿಧವೆ ಕಣ್ಣರಳಿಸಿ, “ನನ್ನ ಹತ್ರ ಏನೂ ಹೇಳಿರ್ಲಿಲ್ವಲ್ಲಪ್ಪಾ ಅವ್ನು. ಹೇಳಿದ್ದಿದ್ರೆ ನಾನು ಕೊಡದೇ ಇರ್ತಿದ್ನಾ?” ಎಂದಳು. ಅದರಲ್ಲಿ ಕಪಟ ಇರಲಿಲ್ಲ. ಇದ್ದಿದ್ದರೆ ಅವನಿಗೆ ಅಷ್ಟು ಉರಿಯುತ್ತಿರಲಿಲ್ಲ.

ಕಾರ್ಡನ್ನು ಮನೆಗೆ ಒಯ್ದು, ಅಂಥವೇ ಕಾರ್ಡುಗಳಿದ್ದ ಬೂಟಿನ ಡಬ್ಬಕ್ಕೆ ಹಾಕಿ ಮುಚ್ಚಳ ಒತ್ತಿದ. ಆರ್ಡಿಸಳ ಕಾರ್ಡಿಗೆ ಏನು ಬೆಲೆ? ಹಲ್ಲು ಕಿತ್ತ ಡಾಕ್ಟರಿಗೂ ಕಾರ್ಡು, ಅಂಗಳದ ಹಿಮ ತೋಡಿದವನಿಗೂ ಕಾರ್ಡು. ಆ ಸಾಲಿನಲ್ಲಿ ತಾನೂ ಒಬ್ಬ. ಆ ದಿನ ಅವನು ನಿಶ್ಚಯ ಮಾಡಿದ್ದು ಇಷ್ಟೇ: ಐದು ಪಾಲು ತನ್ನದು, ಅದನ್ನು ತಾನೇ ತೆಗೆದುಕೊಳ್ಳಬೇಕು, ಕಳುವಾಯಿತು ಎಂದು ಯಾರಿಗೂ ಅನ್ನಿಸಬಾರದು.

ದಾರಿ ಅವನ ಕೈಕೆಳಗಿನ ಕಪಾಟಿನಲ್ಲೇ ಇತ್ತು. ಟೆಸಾರ್ ಕಂಪನಿ ಜೇನುಪೆಟ್ಟಿಗೆ, ಚೌಕಟ್ಟು, ಹೊಗೆಡಬ್ಬಿ, ಮುಖಪರದೆ ಮಾಡಿ ದೇಶದ ತುಂಬ ಕಳಿಸುತ್ತದೆ. ಜೇನನ್ನೇ ನಂಬಿ ಬದುಕುವ ಸಾಗುವಳಿಗಾರರಿಗೆ ಮಾರಾಟ ತೆರಿಗೆ ಇಲ್ಲ. ಆದರೆ ಹಿತ್ತಿಲಲ್ಲಿ ಎರಡು ಪೆಟ್ಟಿಗೆ ಇಟ್ಟುಕೊಂಡು ಖುಷಿಪಡುವ ಮೇಷ್ಟರು, ವಕೀಲರು, ಹಲ್ಲಿನ ಡಾಕ್ಟರರು ಇದ್ದಾರಲ್ಲ, ಅವರಿಗೆ ಮಾರಿದರೆ ತೆರಿಗೆ ಉಂಟು. ಮೊದಲು ಅಂಗಡಿ ಇದ್ದ ರಾಜ್ಯಕ್ಕೆ ಮಾತ್ರ ಕಟ್ಟಿದರೆ ಸಾಕಿತ್ತು. ಕೆಲವು ವರ್ಷದ ಹಿಂದೆ ದೊಡ್ಡ ಕೋರ್ಟು ತೀರ್ಪು ಕೊಟ್ಟಮೇಲೆ, ಕೊಳ್ಳುವವನು ಯಾವ ರಾಜ್ಯದಲ್ಲಿದ್ದಾನೋ ಆ ರಾಜ್ಯವೂ ಕೈ ಚಾಚಬಹುದು ಎಂದಾಯಿತು. ಲೈಲ್ ಎರಡು ಸಲ ಎಚ್ಚರಿಸಿದ್ದ. “ಇಲಿನಾಯ್ಸಲ್ಲಿ ನಾನು ಒಂದು ಮೊಳೆ ಹೊಡ್ದಿಲ್ಲ, ಅವ್ರಿಗ್ಯಾಕೆ ಕೊಡ್ಲಿ?” ಎಂದು ಮರ್ಲ್ ನಕ್ಕುಬಿಟ್ಟಿದ್ದ. ಹಾಗೆ ಆರು ರಾಜ್ಯಗಳ ಬಾಕಿ ಸದ್ದಿಲ್ಲದೆ ಬೆಳೆದಿತ್ತು: ಮಿನೆಸೋಟಾ, ವಿಸ್ಕಾನ್ಸಿನ್, ಇಲಿನಾಯ್ಸ್, ಇಂಡಿಯಾನಾ, ನೆಬ್ರಾಸ್ಕಾ, ಕೆಂಟಕಿ.

ಇಂಥ ಬಾಕಿಗೆ ರಾಜ್ಯಗಳೇ ಒಂದು ಹಿಂಬಾಗಿಲು ಇಟ್ಟಿವೆ. ಡಿ ಮೋಯ್ನ್‌ನ ಹೋಟೆಲೊಂದರಲ್ಲಿ, ಆರಿದ ಕೋಳಿ ಊಟದ ಜೊತೆ ನಡೆದ ಉಪನ್ಯಾಸದಲ್ಲಿ ಲೈಲ್ ಅದನ್ನು ಕೇಳಿದ್ದ. ಸರ್ಕಾರ ಬಾಗಿಲು ಬಡಿಯುವ ಮುಂಚೆ ನೀನಾಗಿ ಬಂದು ತಪ್ಪು ಒಪ್ಪಿಕೊಂಡರೆ ದಂಡ ಮಾಫಿ. ಹಿಂದಿನ ಮೂರೋ ನಾಲ್ಕೋ ವರ್ಷದ ತೆರಿಗೆ, ಅದರ ಬಡ್ಡಿ ಕಟ್ಟಿದರೆ ಸಾಕು, ಅದಕ್ಕೂ ಹಿಂದಿನದನ್ನು ಕೆದಕುವುದಿಲ್ಲ. ಸ್ವಾರಸ್ಯ ಇರುವುದು ಮುಂದೆ. ಮೊದಲಿಗೆ ಹೆಸರು ಹೇಳಬೇಕಾಗಿಲ್ಲ. ಒಬ್ಬ ಪ್ರತಿನಿಧಿ ‘ನಮ್ಮ ಕಕ್ಷಿದಾರ, ಒಬ್ಬ ವ್ಯಾಪಾರಿ’ ಎಂದಷ್ಟೇ ಬರೆಯುತ್ತಾನೆ. ಷರತ್ತು ಕುದುರಿ, ಒಪ್ಪಂದಕ್ಕೆ ಸಹಿ ಬೀಳುವಾಗ ಮಾತ್ರ ಹೆಸರು ಹೊರಗೆ ಬರುತ್ತದೆ. ಅಷ್ಟರೊಳಗೆ ಸರ್ಕಾರಕ್ಕೇ ನಿನ್ನ ಸುಳಿವು ಸಿಕ್ಕಿ ಒಂದು ಕಾಗದ ಬಂತೋ, ಹಿಂಬಾಗಿಲು ಮುಚ್ಚಿತು. ಆದ್ದರಿಂದ ಈ ವ್ಯವಹಾರದಲ್ಲಿ ಎಲ್ಲರೂ ಪಿಸುಗುಟ್ಟುತ್ತಾರೆ. ಯಾರೂ ಸರ್ಕಾರಕ್ಕೆ ಫೋನ್ ಮಾಡಿ ವಿಚಾರಿಸುವುದಿಲ್ಲ. ಉಪನ್ಯಾಸಕಾರ ಇದನ್ನು ಹೇಳುತ್ತಿದ್ದಾಗ ಲೈಲ್ ಕೋಳಿ ಬಿಟ್ಟು ತಲೆ ಎತ್ತಿದ್ದ. ಕಾನೂನೇ ಹಾಸಿಕೊಟ್ಟ ಇಂಥ ಕತ್ತಲೆ ಕಳ್ಳನಿಗೆ ಇನ್ನೆಲ್ಲಿ ಸಿಕ್ಕೀತು?

ಅವನು ಅವಸರ ಮಾಡಲಿಲ್ಲ. ಮೊದಲು ಲೆಕ್ಕ ಮಾಡಿದ, ಅದೂ ನಿಜವಾದ ಲೆಕ್ಕ. ಆರು ರಾಜ್ಯಕ್ಕೂ ಹಿಂಬಾಗಿಲಿನಿಂದ ಹೋದರೆ ಕಟ್ಟಬೇಕಾದದ್ದು ಎರಡು ಲಕ್ಷದ ಎಂಬತ್ತಾರು ಸಾವಿರ ಡಾಲರ್. ಬೇರೆ ಯಾವ ಲೆಕ್ಕಿಗನನ್ನು ಕರೆಸಿ ತೋರಿಸಿದರೂ ಅವನು ಇದೇ ಉತ್ತರ ಕೊಡಬೇಕು. ಸುಳ್ಳು ನಿಲ್ಲಬೇಕಾದರೆ ಅದರ ಮುಕ್ಕಾಲು ಭಾಗ ನಿಜ ಇರಬೇಕು ಎಂಬುದು ಲೈಲ್‌ನ ಸಿದ್ಧಾಂತ. ಕಂಪನಿಯ ಬೆಲೆಗೆ ನೂರಕ್ಕೆ ಐದು ಹಿಡಿದರೆ ಎರಡು ಲಕ್ಷದ ತೊಂಬತ್ತು ಸಾವಿರ ಬರುತ್ತಿತ್ತು. ನಾಲ್ಕು ಸಾವಿರ ಬಿಟ್ಟುಕೊಟ್ಟೆ ಎಂದುಕೊಂಡು ತನ್ನ ಔದಾರ್ಯಕ್ಕೆ ತಾನೇ ತಲೆದೂಗಿದ.

ಆಮೇಲೆ ಪ್ರತಿನಿಧಿಯನ್ನು ಹುಟ್ಟಿಸಿದ. ಗ್ಯಾರೆಟ್ ಪೆಂಡ್ಲಿ, ತೆರಿಗೆ ಸಲಹೆಗಾರ, ಒಮಾಹಾ. ಅವನಿಗೊಂದು ಬಾಡಿಗೆ ಅಂಚೆಪೆಟ್ಟಿಗೆ, ಒಂದು ಬ್ಯಾಂಕ್ ಖಾತೆ, ಬೂದು ಬಣ್ಣದ ಕಾಗದದ ಮೇಲೆ ಗಂಭೀರವಾದ ಶಿರೋನಾಮೆ, ಲೈಲ್‌ನ ಕಾರಿನಲ್ಲಿ ಸದಾ ಇರುವ ಒಂದು ಅಗ್ಗದ ಫೋನು. ಪೆಂಡ್ಲಿ ಮಾತಿಗಿಂತ ಕಾಗದವನ್ನು ನಂಬುವ ಮನುಷ್ಯ. ಫೋನಿಗೆ ಸಿಗುವುದು ಅಪರೂಪ. ಅವನ ಪ್ರತಿ ಪತ್ರವನ್ನೂ ಲೈಲ್ ಎರಡೂವರೆ ಗಂಟೆ ಕಾರು ಓಡಿಸಿಕೊಂಡು ಹೋಗಿ ಒಮಾಹಾದಲ್ಲೇ ಅಂಚೆಗೆ ಹಾಕುತ್ತಿದ್ದ. ಲಕೋಟೆಯ ಮೇಲಿನ ಮುದ್ರೆ ಯಾರೂ ನೋಡದಿರಬಹುದು. ನೋಡಿದರೆ ಒಮಾಹಾ ಎಂದೇ ಇರಬೇಕು. ಚಾಪೆಯ ಕೆಳಗೆ ತೂರುವವರು ಬೇಕಾದಷ್ಟು ಜನ ಇದ್ದಾರೆ, ಲೈಲ್ ರಂಗೋಲಿಯ ಕೆಳಗೆ ತೂರುವವನು.

ಆರು ರಾಜ್ಯಗಳ ಒಪ್ಪಂದ ಪತ್ರಗಳನ್ನು ಅವನು ಆಯಾ ರಾಜ್ಯದ ನಮೂನೆಯಲ್ಲೇ ಬರೆದ. ಕೊನೆಗೆ ಸಹಿ ಹಾಕುವ ಅಧಿಕಾರಿಯ ಹೆಸರು ಬೇಕಲ್ಲ. ಸುಳ್ಳು ಹೆಸರು ಹಾಕಿದರೆ ಟ್ರೆಂಟ್‌ನಂಥವನು ಕಂಪ್ಯೂಟರಿನಲ್ಲಿ ಹುಡುಕಿ ಹಿಡಿದಾನು. ಅದಕ್ಕೆ ಇಲಾಖೆಗಳ ಪಟ್ಟಿಯಿಂದ ನಿಜವಾದ ಅಧಿಕಾರಿಗಳ ಹೆಸರನ್ನೇ, ಕಚೇರಿಯ ವಿಳಾಸ ಸಮೇತ ಎತ್ತಿಕೊಂಡ. ಮಿನೆಸೋಟಾಕ್ಕೆ ಸೇಂಟ್ ಪಾಲ್‌ನ ಇಂಗ್ರಿಡ್ ಸೋಲ್ಬರ್ಗ್. ಹೆಸರು ನಿಜ, ಹುದ್ದೆ ನಿಜ, ವಿಳಾಸ ನಿಜ. ಸಹಿ ಮಾತ್ರ ಲೈಲ್‌ನದು.

ಅಕ್ಟೋಬರಿನ ಒಂದು ಬೆಳಿಗ್ಗೆ ಕಡತ ಹಿಡಿದು ಆರ್ಡಿಸಳ ಕೋಣೆಗೆ ಹೋದ. ಟ್ರೆಂಟ್ ಅಲ್ಲೇ ಕುರ್ಚಿಯಲ್ಲಿ ವಾಲಿಕೊಂಡು ಕೊಲಾಚಿ ತಿನ್ನುತ್ತಿದ್ದ. ಗಸಗಸೆ ಹೂರಣದ ಆ ಬನ್ನುಗಳನ್ನು ಆರ್ಡಿಸ್ ಪ್ರತಿ ಸೋಮವಾರ ಮಾಡಿ ತರುತ್ತಿದ್ದಳು. ಲೈಲ್ ಕೋರ್ಟಿನ ತೀರ್ಪಿನಿಂದ ಶುರುಮಾಡಿ ಎಲ್ಲ ಹೇಳಿದ. ಆಕೆ ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟಳು. ಎಪ್ಪತ್ತನಾಲ್ಕು ವರ್ಷದ ಮುಖ ಅಷ್ಟು ಬೇಗ ಇಳಿದುಹೋದದ್ದನ್ನು ಅವನು ಎಂದೂ ನೋಡಿರಲಿಲ್ಲ.

“ಅಂದ್ರೆ, ನಾವು ಇಷ್ಟು ವರ್ಷ ಕದ್ದಿದೀವಾ ಲೈಲ್?”

“ಕದ್ದಿದ್ದಲ್ಲ ಆರ್ಡಿಸ್, ಗೊತ್ತಿರ್ಲಿಲ್ಲ.”

“ಗೊತ್ತಿಲ್ದೆ ಬೇರೆಯವ್ರ ಕೋಳಿ ತಿಂದ್ರೂ ಕೋಳಿ ಅವ್ರದ್ದೇ ತಾನೇ? ಉಪ್ಪು ತಿಂದೋರು ನೀರು ಕುಡೀಲೇಬೇಕು. ನಾನೇ ಕಾಗದ ಬರೀತೀನಿ. ತಪ್ಪಾಯ್ತು ಅಂತ ಆರೂ ಜನಕ್ಕೆ ಇವತ್ತೇ ಬರೀತೀನಿ.”

ಲೈಲ್ ಕಡತವನ್ನು ತನ್ನ ಕಡೆಗೆ ಎಳೆದುಕೊಂಡ. “ಅಯ್ಯೋ, ಆ ಕೆಲ್ಸ ಮಾತ್ರ ಮಾಡ್ಬೇಡಿ!” ಎಂದ, ಕೊಂಚ ಜೋರಾಗಿಯೇ. ಆಮೇಲೆ ದನಿ ಇಳಿಸಿದ. “ಹೆಸ್ರು ಗೊತ್ತಾದ್ರೆ ರಿಯಾಯ್ತಿ ಹೋಯ್ತು. ದಂಡ, ಹಳೇ ವರ್ಷದ್ದು ಎಲ್ಲ ಸೇರಿ ಐದು ಲಕ್ಷ ದಾಟತ್ತೆ. ಸಹಿ ಆಗೋ ತನ್ಕ ಕಾಗದ ಇಲ್ಲ, ಫೋನಿಲ್ಲ, ಚರ್ಚಲ್ಲೂ ಒಂದು ಮಾತಿಲ್ಲ.”

“ಸಹಿ ಆದ್ಮೇಲೆ?”

“ಆಮೇಲೆ ಏನು ಗುಟ್ಟು? ಆಮೇಲೆ ನಿಮ್ಮಿಷ್ಟ.”

ಟ್ರೆಂಟ್ ಬೆರಳಿಗೆ ಅಂಟಿದ ಗಸಗಸೆ ನೆಕ್ಕುತ್ತ, “ಲೈಲ್ ಅಂಕಲ್, ಸೀಡರ್ ರಾಪಿಡ್ಸಲ್ಲಿ ನನ್ನ ಫ್ರೆಂಡ್ ಒಬ್ಬ ವಕೀಲ ಇದಾನೆ. ಒಂದ್ಸಲ ತೋರ್ಸೋಣ್ವಾ?” ಎಂದ.

“ತೋರ್ಸಪ್ಪ. ಅವ್ನು ಹೆಂಡ್ತಿಗೆ ಹೇಳ್ತಾನೆ, ಹೆಂಡ್ತಿ ತಂಗಿಗೆ ಹೇಳ್ತಾಳೆ. ತಂಗಿ ಎಲ್ಲಿ ಕೆಲ್ಸ ಮಾಡ್ತಾಳೋ ನಿಂಗೊತ್ತಾ?”

“ಆಯ್ತು ಆಯ್ತು, ಉರೀಬೇಡಿ. ನೀವು ಹುಟ್ಟಿದ್ದೇ ಟೈ ಕಟ್ಕೊಂಡು ಇರ್ಬೇಕು” ಎಂದು ನಕ್ಕ ಟ್ರೆಂಟ್, ಅಲ್ಲೇ ಫೋನಿನಲ್ಲಿ ಹುಡುಕಿದ. ಆರೂ ರಾಜ್ಯದಲ್ಲಿ ಇಂಥ ಯೋಜನೆ ಇದ್ದೇ ಇತ್ತು. ಹೆಸರು ಹೇಳದೆ ಅರ್ಜಿ ಹಾಕಬಹುದು ಎಂಬುದೂ ಇತ್ತು. “ಸರಿ, ದೊಡ್ಡಮ್ಮ, ಇವ್ರು ಹೇಳ್ತಿರೋದೆಲ್ಲ ನಿಜಾನೇ” ಎಂದ. ತನಗೆ ಸಾಕ್ಷಿ ನುಡಿಯಲು ಶತ್ರುವೇ ಸಿಕ್ಕಿದ್ದು ಲೈಲ್‌ಗೆ ಬಹಳ ರುಚಿಸಿತು.

ಮುಂದಿನ ಎರಡು ತಿಂಗಳು ಎಲ್ಲ ಕಾಗದದ ಮೇಲೆ ನಡೆಯಿತು. ಪೆಂಡ್ಲಿ ಬರೆದ, ರಾಜ್ಯಗಳು ‘ಉತ್ತರಿಸಿದವು’. ಕೆಂಟಕಿ ಬೇಕೆಂದೇ ಒಂದು ವಾರ ತಡಮಾಡಿತು. ಇಂಡಿಯಾನಾ ನಾಲ್ಕು ವರ್ಷ ಕೇಳಿ, ಆಮೇಲೆ ಮೂರಕ್ಕೆ ಇಳಿಯಿತು. ಎಲ್ಲವೂ ಸಲೀಸಾಗಿ ಆದರೆ ಸರ್ಕಾರ ಎಂದು ಯಾರು ನಂಬುತ್ತಾರೆ? ಇಂಡಿಯಾನಾ ಇಳಿದ ದಿನ ಆರ್ಡಿಸ್, “ಆ ಪೆಂಡ್ಲಿ ಬಲು ಗಟ್ಟಿಗ ಕಣೋ” ಎಂದು ಹೊಗಳಿದಳು. ಲೈಲ್‌ಗೆ ನಿಜಕ್ಕೂ ಸಂತೋಷವಾಯಿತು. ಇಪ್ಪತ್ತಾರು ವರ್ಷದಲ್ಲಿ ಅವನ ಕೆಲಸವನ್ನು ಇಷ್ಟು ಗಮನಕೊಟ್ಟು ಯಾರೂ ಹೊಗಳಿರಲಿಲ್ಲ, ಈಗಲೂ ಹೊಗಳಿಕೆ ಇನ್ನೊಬ್ಬನ ಹೆಸರಿಗೇ ಹೋಯಿತು.

ಒಂದೇ ಒಂದು ದಿನ ಅವನ ಜೀವ ಬಾಯಿಗೆ ಬಂದಿತ್ತು. ಡಿಸೆಂಬರ್ ಮೊದಲ ವಾರ ಆರ್ಡಿಸ್ ಬಾಗಿಲಲ್ಲಿ ತಲೆ ಹಾಕಿ, “ಲೈಲ್, ಮಿನೆಸೋಟಾದವ್ರು ಫೋನ್ ಮಾಡಿದ್ರು” ಎಂದಳು.

ಅವನ ಪೆನ್ನು ಹಾಳೆಯ ಮೇಲೆ ನಿಂತಿತು. “ಯಾರು? ಏನಂದ್ರು? ನೀವೇನಂದ್ರಿ?”

“ಜೇನು ಸಾಕೋರ ಸಂಘದೋರಪ್ಪ. ನಲ್ವತ್ತು ಮುಖಪರದೆ ಬೇಕಂತೆ, ರಿಯಾಯ್ತಿ ಎಷ್ಟು ಅಂತ ಕೇಳಿದ್ರು. ಯಾಕೋ, ನಿನ್ನ ಮುಖ ಹಾಲು ಒಡ್ದಂಗಾಗಿದೆ? ಊಟ ಮಾಡ್ದ್ಯಾ?”

ಆ ಮಧ್ಯಾಹ್ನ ಆಕೆ ಅವನ ಮೇಜಿನ ಮೇಲೆ ಒಂದು ಬಟ್ಟಲು ಬಿಸಿ ಸೂಪು ತಂದಿಟ್ಟಳು. ಅವನು ಅದನ್ನು ಕೊನೆಯ ಹನಿಯವರೆಗೂ ಕುಡಿದ, ಆಕೆಯ ಮುಖ ನೋಡದೆ.

ಹಣ ಹೊಂದಿಸುವುದು ಸುಲಭವಾಗಿರಲಿಲ್ಲ. ಕಾರ್ಖಾನೆಯ ಹಿಂದೆ ನಲವತ್ತು ಎಕರೆ ಕ್ಲೋವರ್ ಹುಲ್ಲಿನ ಹೊಲವಿತ್ತು. ಮರ್ಲ್ ಮೊಟ್ಟಮೊದಲು ಕೈಯಾರೆ ಮಾಡಿದ ಹನ್ನೆರಡು ಪೆಟ್ಟಿಗೆಗಳು ಅಲ್ಲೇ ಇದ್ದವು, ಅವುಗಳಲ್ಲಿ ಇನ್ನೂ ಜೇನುಹುಳು ಇದ್ದವು. ಪಕ್ಕದ ಹಂದಿ ಸಾಕಣೆಯವನು ಎಷ್ಟೋ ವರ್ಷದಿಂದ ಆ ಹೊಲದ ಮೇಲೆ ಕಣ್ಣಿಟ್ಟಿದ್ದ. ಆರ್ಡಿಸ್ ಅವನಿಗೆ ಮಾರಿದಳು. ಪೆಟ್ಟಿಗೆಗಳನ್ನು ಲಾರಿಗೆ ಏರಿಸುವಾಗ ಆಕೆ ಒಂದೊಂದರ ಮುಚ್ಚಳದ ಮೇಲೂ ಕೈಯಿಟ್ಟು ನಿಂತಿದ್ದನ್ನು ಲೈಲ್ ಕಿಟಕಿಯಿಂದ ನೋಡಿದ. ಕ್ರಿಸ್‌ಮಸ್ಸಿಗೆ ಮೂವತ್ತೆಂಟು ಕೆಲಸಗಾರರಿಗೆ ಕೊಡುತ್ತಿದ್ದ ಬೋನಸ್ಸೂ ಆ ವರ್ಷ ನಿಂತಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಲೈಲ್‌ಗೆ ಎದೆಯಲ್ಲಿ ಏನೋ ಚುಚ್ಚಿತು, ಸುಳ್ಳಲ್ಲ. ಆದರೆ ಅವನು ಶೆಡ್ಡಿನಲ್ಲಿ ಮರ್ಲ್ ಹಿಡಿದ ಕೈಯನ್ನು ನೆನೆಸಿಕೊಂಡ, ಚಪ್ಪಾಳೆ ತಟ್ಟಿದ ದಿನವನ್ನು ನೆನೆಸಿಕೊಂಡ. ಜೇನು ಕಿತ್ತವನು ಕೈ ನೆಕ್ಕದೆ ಬಿಡುತ್ತಾನೆಯೇ? ತಾನು ಇಪ್ಪತ್ತಾರು ವರ್ಷ ಕಿತ್ತಿದ್ದ, ನೆಕ್ಕಿರಲಿಲ್ಲ. ಚುಚ್ಚಿದ್ದು ಅಷ್ಟಕ್ಕೇ ಶಮನವಾಯಿತು.

ಹಣವನ್ನು ಪೆಂಡ್ಲಿಯ ಖಾತೆಗೇ ಮೊದಲು ಕಟ್ಟಬೇಕು, ಅವನು ಅಲ್ಲಿಂದ ಆರು ರಾಜ್ಯಕ್ಕೆ ಹಂಚುತ್ತಾನೆ, ಹಾಗಾದರೇ ಹೆಸರು ಗುಟ್ಟಾಗಿರುವುದು ಎಂದು ಲೈಲ್ ವಿವರಿಸಿದ್ದ. ಜನವರಿಯಲ್ಲಿ ಆರ್ಡಿಸ್ ಆರು ಒಪ್ಪಂದಗಳಿಗೂ ಮರ್ಲ್‌ನ ಶಾಯಿ ಪೆನ್ನಿನಿಂದ ಸಹಿ ಹಾಕಿದಳು. ಪೆಂಡ್ಲಿಯ ಖಾತೆಗೆ ಹೋದ ಹಣ ಅಲ್ಲಿಂದ ಇನ್ನೊಂದು ಖಾತೆಗೆ, ಅಲ್ಲಿಂದ ಮಿಸೌರಿಯ ಸರೋವರವೊಂದರ ದಂಡೆಯಲ್ಲಿದ್ದ ಎರಡು ಕೋಣೆಯ ಮನೆಗೆ ಮುಂಗಡವಾಗಿ ಹೋಯಿತು. ದೋಣಿ ಕಟ್ಟುವ ಕಟ್ಟೆಯೂ ಇದ್ದ ಮನೆ.

ಮೂರು ವಾರ ಬಿಟ್ಟು ಅಧಿಕಾರಿಗಳ ಸಹಿಯಿರುವ ಪ್ರತಿಗಳು ಒಮಾಹಾದಿಂದ ಬಂದವು. ಲೈಲ್ ಅವನ್ನು ಆರ್ಡಿಸಳ ಮೇಜಿನ ಮೇಲೆ ಬೀಸಣಿಗೆಯಂತೆ ಹರಡಿದ. “ಮುಗೀತು” ಎಂದ. “ಇನ್ನು ಮುಚ್ಚಿಡೋದು ಏನೂ ಇಲ್ಲ. ನೆಮ್ಮದಿಯಾಗಿ ನಿದ್ದೆ ಮಾಡಿ.”

ಆರ್ಡಿಸ್ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡಳು. ಅಕ್ಟೋಬರಿನಿಂದ ಆಕೆ ಚರ್ಚಿನಲ್ಲಿ ಹಿಂದಿನ ಬೆಂಚಿಗೆ ಸರಿದಿದ್ದಳು. ಮುಂದೆ ಕೂರಲು ಮುಖವಿಲ್ಲ ಎಂದಿದ್ದಳು. “ಐದು ಲಕ್ಷ ಕೇಳ್ಬೋದಾಗಿತ್ತು. ಕೇಳ್ಲಿಲ್ಲ ನೋಡು” ಎಂದು ಹಾಳೆಯ ತುದಿಯ ಹೆಸರುಗಳ ಮೇಲೆ ಬೆರಳಾಡಿಸಿದಳು. “ಒಳ್ಳೇ ಜನ ಕಣೋ. ಮುಖ ನೋಡ್ದೋರಲ್ಲ, ಹೆಸ್ರು ಕೇಳ್ದೋರಲ್ಲ, ಆದ್ರೂ ಕ್ಷಮಿಸಿದ್ರು. ಇವು ಒಂದೆರಡು ದಿನ ನನ್ನ ಹತ್ರಾನೇ ಇರ್ಲಿ.”

ಇರಲಿ ಎಂದ ಲೈಲ್. ಪ್ರತಿಗಳಲ್ಲಿ ಎಲ್ಲಿ ಎಷ್ಟು ಹುಡುಕಿದರೂ ಕುಂದು ಸಿಗುವಂತಿರಲಿಲ್ಲ. ಹೊಳೆ ದಾಟಿದ ಮೇಲೆ ಅಂಬಿಗನನ್ನು ಯಾರು ನೆನೆಯುತ್ತಾರೆ?

ಬಾಲ ಬಿಡಬಾರದೆಂದು ಅವನು ಇನ್ನೂ ಒಂದು ಕೆಲಸ ಮಾಡಿದ. ಈ ವರ್ಷವೇ ಹೊಸದಾಗಿ ಮಾರಾಟ ಶುರುಮಾಡಿದ ಕಂಪನಿಯೆಂದು ಆರು ರಾಜ್ಯದಲ್ಲೂ ನಿಜವಾಗಿ ನೋಂದಣಿ ಮಾಡಿಸಿದ. ಇನ್ನು ಮುಂದಿನ ತೆರಿಗೆ ತಿಂಗಳು ತಿಂಗಳು ಸರಿಯಾಗಿ ಹೋಗುತ್ತದೆ. ರಾಜ್ಯಗಳಿಗೆ ಹಳೆಯದರ ಅನುಮಾನ ಬಂದು ಯಾರಾದರೂ ತಪಾಸಣೆಗೆ ಬರಲು ಐದಾರು ವರ್ಷವಾದರೂ ಬೇಕು. ಅಷ್ಟರಲ್ಲಿ ಆರ್ಡಿಸ್ ಮರ್ಲ್‌ನ ಪಕ್ಕದಲ್ಲಿ ಮಲಗಿರುತ್ತಾಳೆ, ಟ್ರೆಂಟ್‌ಗೆ ಯಾವ ಕಡತ ಎಲ್ಲಿದೆ ಎಂದೇ ಗೊತ್ತಿರುವುದಿಲ್ಲ. ಮೂರು ತಿಂಗಳು ಕಾದು ಲೈಲ್ ರಾಜೀನಾಮೆ ಕೊಟ್ಟ. ಮೊಣಕಾಲು ನೋವು ಎಂದು ಬರೆದ. ಆ ತಿಂಗಳುಗಳಲ್ಲಿ ಕಚೇರಿಗೆ ಬಂದ, ಕಚೇರಿಯಿಂದ ಹೋದ ಪ್ರತಿ ಪತ್ರವೂ ಅವನ ಕಣ್ಣಿನಡಿಯೇ ಹಾದುಹೋಯಿತು. ಒಂದು ಚೀಟಿಯನ್ನೂ ಅವನು ಬಿಡಲಿಲ್ಲ.

ಏಪ್ರಿಲ್ ಕೊನೆಯ ಶುಕ್ರವಾರ ಮಧ್ಯಾಹ್ನ ಪ್ಯಾಕಿಂಗ್ ಹಾಲಿನಲ್ಲಿ ಬೀಳ್ಕೊಡುಗೆ ಊಟ. ಉದ್ದ ಮೇಜುಗಳ ಮೇಲೆ ಒಬ್ಬೊಬ್ಬರು ಒಂದೊಂದು ಪಾತ್ರೆ ತಂದಿಟ್ಟಿದ್ದರು: ಹ್ಯಾಮ್ ಸ್ಯಾಂಡ್‌ವಿಚ್ಚು, ಆಲೂಗೆಡ್ಡೆ ಸಲಾಡು, ನಡುಗುವ ಹಸಿರು ಜೆಲ್ಲಿ, ಎರಡು ಬಗೆಯ ಕೊಲಾಚಿ. ಗರಗಸದ ವಿಭಾಗದವನೊಬ್ಬ, “ಲೈಲ್, ಸರೋವರದಲ್ಲಿ ಮೀನಿಗೂ ರಸೀದಿ ಕೇಳ್ಬೇಡ್ವೋ!” ಎಂದು ಕೂಗಿದ. ಎಲ್ಲರೂ ನಕ್ಕರು. ಆರ್ಡಿಸ್ ಅವನ ಕೈಗೆ ನೀಲಿ ಹೂವಿನ ಕಾರ್ಡು, ಒಂದು ಬಾಟಲಿ ಜೇನು ಕೊಟ್ಟು ಅಪ್ಪಿಕೊಂಡಳು. ಅವನು ಕಾರ್ಡನ್ನು ಓದದೆಯೇ ಕೋಟಿನ ಜೇಬಿಗಿಟ್ಟ. ಕಾರಿನಲ್ಲಿ ಅವನ ಸಾಮಾನು ಆಗಲೇ ತುಂಬಿತ್ತು. ಇನ್ನು ಅರ್ಧ ಗಂಟೆ, ಒಂದು ತುಂಡು ಕೇಕು, ಆಮೇಲೆ ದಕ್ಷಿಣದ ಹೆದ್ದಾರಿ.

ಆಗ ಪಾರ್ಸೆಲ್ ಕಳಿಸುವ ವಿಭಾಗದ ಡಾರ್ಲಾ, ಅಂಗೈ ಅಗಲದ ಒಂದು ರಟ್ಟಿನ ಡಬ್ಬ ಹಿಡಿದು ಬಂದಳು. “ಆರ್ಡಿಸ್, ನಿಮ್ದು ವಾಪಸ್ ಬಂದಿದೆ. ಗಿರಾಕಿದು ಅಂತ ತಿಂಗಳಿಂದ ರಿಟರ್ನ್ ಶೆಲ್ಫಲ್ಲಿ ಇಟ್ಬಿಟ್ಟಿದ್ದೆ.”

ಆರ್ಡಿಸ್ ಮುಚ್ಚಳ ಸೀಳಿದಳು. ಒಳಗೆ ಗುಳ್ಳೆಕಾಗದದಲ್ಲಿ ಸುತ್ತಿದ ಜೇನಿನ ಬಾಟಲಿ, ಒಂದು ಬಿಳಿ ಲಕೋಟೆ. ಕತ್ತಿನ ಮೇಲೆ, ತಲೆಯ ಮೇಲೆ ಕನ್ನಡಕಕ್ಕಾಗಿ ತಡಕಾಡಿ, “ಅಯ್ಯೋ, ಕೋಣೇಲೇ ಬಿಟ್ಬಂದೆ. ಲೈಲ್, ಓದಪ್ಪಾ ಸ್ವಲ್ಪ. ಸರ್ಕಾರಿ ಭಾಷೆ ನಿಂಗೇ ಸರಿ” ಎಂದು ಕಾಗದವನ್ನು ಅವನ ಕೈಗಿಟ್ಟಳು.

ಶಿರೋನಾಮೆ ನೋಡಿದ ಕೂಡಲೇ ಅವನಿಗೆ ಗುರುತು ಸಿಕ್ಕಿತು. ಅದನ್ನು ಅವನು ಎಷ್ಟು ಸಲ ನಕಲು ಮಾಡಿರಲಿಲ್ಲ! ಸೇಂಟ್ ಪಾಲ್, ಮಿನೆಸೋಟಾ. ಕೆಳಗೆ ಇಂಗ್ರಿಡ್ ಸೋಲ್ಬರ್ಗ್‌ಳ ಸಹಿ, ಅವನು ಹಾಕಿದ್ದಕ್ಕಿಂತ ಚಿಕ್ಕದು, ಎಡಕ್ಕೆ ವಾಲಿದ್ದು. ಸುತ್ತ ಮೂವತ್ತೆಂಟು ಜನ ತಟ್ಟೆ ಹಿಡಿದು ನಿಂತಿದ್ದರು.

“ಓದೋ” ಎಂದಳು ಆರ್ಡಿಸ್.

ಅವನು ಜೋರಾಗಿ ಓದತೊಡಗಿದ. “‘ಮಾನ್ಯ ಮಿಸೆಸ್ ಟೆಸಾರ್, ನಿಮ್ಮ ಪ್ರೀತಿಯ ಕಾರ್ಡಿಗೂ ಜೇನಿಗೂ ವಂದನೆಗಳು. ರಾಜ್ಯದ ನೌಕರರು ಯಾವುದೇ ಉಡುಗೊರೆಯನ್ನು ಸ್ವೀಕರಿಸುವಂತಿಲ್ಲ. ಆದ್ದರಿಂದ ವಿಷಾದದಿಂದ ಇದನ್ನು ಹಿಂದಿರುಗಿಸುತ್ತಿದ್ದೇನೆ.’” ಎರಡನೆಯ ಪರಿಚ್ಛೇದವನ್ನು ಅವನ ಕಣ್ಣು ಮಾತ್ರ ಓದಿತು. ನಿಮ್ಮ ಕಾರ್ಡಿನಲ್ಲಿ ಹೇಳಿರುವ ಒಪ್ಪಂದ ನಮ್ಮ ದಾಖಲೆಯಲ್ಲಿಲ್ಲ. ನಿಮ್ಮ ಕಂಪನಿಯಿಂದಾಗಲಿ, ಪೆಂಡ್ಲಿ ಎಂಬವರಿಂದಾಗಲಿ ನಮಗೆ ಯಾವ ಅರ್ಜಿಯೂ ಯಾವ ಹಣವೂ ಬಂದಿಲ್ಲ. ನೀವು ಮೋಸಹೋಗಿರುವ ಸಂಭವವಿದೆ, ಕೂಡಲೇ ಫೋನ್ ಮಾಡಿ. ಅವನು ಕಾಗದವನ್ನು ಮೂರು ಮಡಿಕೆ ಮಾಡಿ, “ಅಷ್ಟೇ. ನಿಮ್ಮ ಆರೋಗ್ಯಕ್ಕೆ ಹಾರೈಸಿದಾರೆ” ಎಂದು ಜೇಬಿಗೆ ಇಳಿಸಿದ, ನೀಲಿ ಹೂವಿನ ಕಾರ್ಡಿನ ಪಕ್ಕಕ್ಕೆ.

“ಒಂದು ಬಾಟ್ಲಿ ಜೇನು ತಗೊಂಡ್ರೆ ಸರ್ಕಾರ ಮುಳುಗಿಹೋಗ್ತಿತ್ತಾ!” ಎಂದಳು ಡಾರ್ಲಾ. ಎಲ್ಲರೂ ಗೊಳ್ಳೆಂದರು. ಲೈಲ್ ಕೂಡ ನಕ್ಕ. ತಲೆ ಮಾತ್ರ ಕೆಲಸ ಮಾಡುತ್ತಿತ್ತು. ಒಂದೇ ಕಾಗದ, ಅದು ಈಗ ತನ್ನ ಜೇಬಿನಲ್ಲಿದೆ. ಸೋಮವಾರ ಪೆಂಡ್ಲಿಯಿಂದ ಸೋಲ್ಬರ್ಗ್‌ಗೆ ಒಂದು ಪತ್ರ ಹೋದರಾಯಿತು. ಕೇಕು ಕೂಡ ಬೇಡ, ಈಗಲೇ ಹೊರಟುಬಿಡಬೇಕು. ಅವನು ಟೋಪಿಗೆ ಕೈಹಾಕಿದ.

“ಇದಕ್ಕೇನಾ ವಾಪಸ್ ಕಳ್ಸಿದ್ದು? ನಾನು ಏನೋ ತಪ್ಪಾಯ್ತು ಅಂತ ಹೆದ್ರಿದ್ದೆ” ಎಂದು ಆರ್ಡಿಸ್ ಉಸಿರು ಬಿಟ್ಟಳು. “ನೀನೇ ಹೇಳಿದ್ಯಲ್ಲ, ಸಹಿ ಆದ್ಮೇಲೆ ನಿಮ್ಮಿಷ್ಟ ಅಂತ. ಅದಕ್ಕೇ ಆರೂ ಜನಕ್ಕೂ ಒಂದೊಂದು ಬಾಟ್ಲಿ ಕಳ್ಸಿದ್ದೆ. ಉಳಿದ ಐದೂ ವಾಪಸ್ ಬಂದಿವೆಯಂತೆ, ಟ್ರೆಂಟ್ ಅಲ್ಲಿ ಬಿಚ್ತಾ ಇದಾನೆ.” ಇಪ್ಪತ್ತಾರು ವರ್ಷ ಆಕೆಯ ಕಾರ್ಡುಗಳನ್ನು ಡಬ್ಬಕ್ಕೆ ತುಂಬಿದ್ದ ಲೈಲ್, ಹೊಳೆ ದಾಟಿದ ಮೇಲೂ ಅಂಬಿಗನಿಗೆ ಜೇನು ಕಳಿಸುವವರು ಇರುತ್ತಾರೆ ಎಂದು ಎಣಿಸಿರಲಿಲ್ಲ. ಕಚೇರಿಯ ಪ್ರತಿ ಚೀಟಿಯನ್ನೂ ಕಾದವನು, ದಿನಕ್ಕೆ ಮುನ್ನೂರು ಪೆಟ್ಟಿಗೆ ಹೊರಡುವ ಈ ಹಾಲಿನಿಂದ ಆರು ಪೆಟ್ಟಿಗೆ ಹೆಚ್ಚಿಗೆ ಹೊರಟದ್ದನ್ನು ನೋಡಿರಲಿಲ್ಲ. ಆರು ರಾಜ್ಯಗಳ ತೆರಿಗೆ ಕಾನೂನು ಅವನಿಗೆ ಬಾಯಿಪಾಠವಾಗಿತ್ತು, ಒಂದರಂತೆ ಇನ್ನೊಂದಿಲ್ಲ. ನೌಕರ ಉಡುಗೊರೆ ಮುಟ್ಟಬಾರದು, ಬಂದರೆ ಕಾಗದ ಬರೆದು ಹಿಂದಿರುಗಿಸಬೇಕು ಎಂಬ ಒಂದು ಸಣ್ಣ ನಿಯಮ ಮಾತ್ರ ಆರಕ್ಕೂ ಒಂದೇ ಆಗಿತ್ತು. ಹಾಲಿನ ಆ ತುದಿಯ ಬಾಗಿಲು ತೆರೆಯಿತು. ಐದು ಕಾಗದ ಕೈಯಲ್ಲಿ ಹಿಡಿದ ಟ್ರೆಂಟ್ ಅಲ್ಲೇ ನಿಂತು, ಮೂವತ್ತೆಂಟು ಜನರ ತಲೆಯ ಮೇಲಿಂದ ಅವನನ್ನೇ ನೋಡುತ್ತಿದ್ದ.